ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರ್ ಗುಂಯ್ ಅನ್ನುತ್ತಿದೆ, ಅರ್ತ್ ತಂತಿ ಬಿಚ್ಚಿಬಿಡಲಾ?

ಪ್ರಶ್ನೆ: ಎಲ್‌ಎಂ3886 ಎಂಬ ಆಂಪ್ಲಿಫೈಯರ್ ಐಸಿ ಹಾಕಿ ಒಂದು ಸ್ಟೀರಿಯೋ ಆಂಪ್ಲಿಫೈಯರ್ ಕಟ್ಟಿದ್ದೇನೆ. ಟೊರಾಯ್ಡ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಡ್ಜ್, ಪ್ಲಸ್ ಮೈನಸ್ ಎರಡೂ ಕಡೆ 10,000 ಮೈಕ್ರೋಫ್ಯಾರಡ್ ಕೆಪಾಸಿಟರ್. ಎಲ್ಲವೂ ಒಂದೇ ಲೋಹದ ಬಾಕ್ಸ್‌ನಲ್ಲಿದೆ. ಹಾಡು ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಹಾಡು ನಿಂತ ಕೂಡಲೇ ಎರಡೂ ಸ್ಪೀಕರ್‌ನಿಂದ ಗುಂಯ್ ಅನ್ನುವ ಸದ್ದು. ಕಂಪ್ಯೂಟರ್‌ಗೆ ಜೋಡಿಸಿದರೆ ಇನ್ನೂ ಜಾಸ್ತಿ. ಕೆಪಾಸಿಟರ್ ದುಪ್ಪಟ್ಟು ಮಾಡಿ ನೋಡಿದೆ, ಪ್ರಯೋಜನವಾಗಲಿಲ್ಲ. ಗ್ರೌಂಡ್ ತಂತಿಗಳನ್ನೆಲ್ಲ ಬಾಕ್ಸ್‌ನ ಒಂದೇ ಬೋಲ್ಟ್‌ಗೆ ತಂದು ಬಿಗಿದಿದ್ದೇನೆ. ಸ್ಟಾರ್ ಗ್ರೌಂಡ್ ಅಂದರೆ ಹಾಗೇ ಅಲ್ವಾ? ಕೊನೆಗೆ ಥ್ರೀ ಪಿನ್ ಪ್ಲಗ್‌ನಲ್ಲಿ ಅರ್ತ್ ತಂತಿ ಬಿಚ್ಚಿದಾಗ ಸದ್ದು ಅರ್ಧಕ್ಕಿಂತ ಕಡಿಮೆಯಾಯಿತು. ಹಾಗೇ ಬಿಡಬಹುದಾ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ಬಿಡಬೇಡಿ. ಪ್ಲಗ್ ಕಿತ್ತು ಅರ್ತ್ ತಂತಿಯನ್ನು ಮತ್ತೆ ಹಾಕಿ, ಆಮೇಲೆ ಮುಂದೆ ಓದಿ.

ಕಾರಣ ಸರಳ. ನಿಮ್ಮ ಬಾಕ್ಸ್‌ನೊಳಗೆ ಮನೆ ಕರೆಂಟಿನ ತಂತಿಗಳಿವೆ. ಸ್ವಿಚ್‌ನಿಂದ ಒಂದು ತಂತಿ ಕಳಚಿ ಬಾಕ್ಸ್‌ಗೆ ತಾಗಬಹುದು. ಟ್ರಾನ್ಸ್‌ಫಾರ್ಮರ್ ಒಳಗಿನ ಇನ್ಸುಲೇಷನ್ ಸುಟ್ಟುಹೋಗಬಹುದು. ಅರ್ತ್ ಇದ್ದರೆ ಆ ಕ್ಷಣವೇ ದೊಡ್ಡ ಕರೆಂಟ್ ಹರಿದು ಫ್ಯೂಸ್ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಅರ್ತ್ ಇಲ್ಲದಿದ್ದರೆ ಯಾವ ಸದ್ದೂ ಇಲ್ಲದೆ ಇಡೀ ಬಾಕ್ಸ್ ಪೂರ್ತಿ ವೋಲ್ಟೇಜ್‌ನಲ್ಲಿ ನಿಂತಿರುತ್ತದೆ, ಯಾರಾದರೂ ಮುಟ್ಟುವವರೆಗೆ. ಬಾಕ್ಸ್ ಮಾತ್ರ ಅಲ್ಲ, ವಾಲ್ಯೂಮ್ ಕಂಟ್ರೋಲ್‌ನ ಕಡ್ಡಿ, ಆಡಿಯೋ ಕೇಬಲ್‌ನ ಹೊರಭಾಗ, ಆ ಕೇಬಲ್‌ನ ಇನ್ನೊಂದು ತುದಿಯಲ್ಲಿರುವ ಉಪಕರಣ, ಎಲ್ಲವೂ. ಗುಂಯ್ ಸದ್ದಿಗೆ ಪರಿಹಾರ ಯಾವಾಗಲೂ ಇದೆ, ಮತ್ತು ಆ ಪರಿಹಾರಕ್ಕೆ ಅರ್ತ್ ಬಿಚ್ಚುವ ಅಗತ್ಯ ಯಾವತ್ತೂ ಇಲ್ಲ.

ಆದರೆ ನೀವು ಕಂಡದ್ದರಲ್ಲಿ ಒಂದು ಒಳ್ಳೆಯ ಸುಳಿವಿದೆ. ಅರ್ತ್ ಬಿಚ್ಚಿದಾಗ ಸದ್ದು ಇಳಿಯಿತು, ಆದರೆ ಹೋಗಲಿಲ್ಲ. ಅಂದರೆ ನಿಮ್ಮಲ್ಲಿರುವುದು ಒಂದು ತೊಂದರೆ ಅಲ್ಲ, ಎರಡು. ಒಂದು ಬಾಕ್ಸ್‌ನೊಳಗೇ ಹುಟ್ಟುತ್ತಿದೆ. ಇನ್ನೊಂದು ಕಂಪ್ಯೂಟರ್ ಮತ್ತು ಆಂಪ್ಲಿಫೈಯರ್ ನಡುವೆ ಹುಟ್ಟುತ್ತಿದೆ. ಇವೆರಡನ್ನೂ ಒಟ್ಟಿಗೆ ಹಿಡಿಯಲು ಹೋದರೆ ತಲೆ ಕೆಡುತ್ತದೆ. ಒಂದು ಸರಿಮಾಡಿದರೂ ಇನ್ನೊಂದು ಉಳಿದಿರುತ್ತದೆ, ಮಾಡಿದ ಕೆಲಸ ವ್ಯರ್ಥ ಅನಿಸುತ್ತದೆ. ಬೇರೆ ಬೇರೆಯಾಗಿಯೇ ನೋಡೋಣ.

ಅದಕ್ಕೂ ಮೊದಲು ಒಂದು ಮಾತು. ಸರ್ಕ್ಯೂಟ್ ಚಿತ್ರದಲ್ಲಿ ಗ್ರೌಂಡ್ ಚಿಹ್ನೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಸೊನ್ನೆ ವೋಲ್ಟ್ ಅಂತ ನಾವು ಓದುತ್ತೇವೆ. ಕಾಗದದ ಮೇಲೆ ಅದು ಸರಿ. ಬಾಕ್ಸ್‌ನೊಳಗೆ ಗ್ರೌಂಡ್ ಅನ್ನುವುದು ತಾಮ್ರದ ತಂತಿ. ತಂತಿಗೆ ರೆಸಿಸ್ಟೆನ್ಸ್ ಇದೆ. ಅದರಲ್ಲಿ ಕರೆಂಟ್ ಹರಿದರೆ ಎರಡು ತುದಿಗಳ ನಡುವೆ ವೋಲ್ಟೇಜ್ ಹುಟ್ಟಿಯೇ ಹುಟ್ಟುತ್ತದೆ. ಹಾಗಾಗಿ ಗ್ರೌಂಡ್ ಎಲ್ಲಿದೆ ಅಂತ ಕೇಳುವುದಕ್ಕಿಂತ, ಈ ತಂತಿಯಲ್ಲಿ ಯಾವ ಕರೆಂಟ್ ಹರಿಯುತ್ತಿದೆ, ಅದು ಯಾವ ದಾರಿಯಲ್ಲಿ ವಾಪಸ್ ಹೋಗುತ್ತಿದೆ ಅಂತ ಕೇಳಿ. ಕೆಳಗೆ ಹೇಳುವುದೆಲ್ಲ ಈ ಒಂದು ಪ್ರಶ್ನೆಯಿಂದಲೇ ಬರುತ್ತದೆ.

ಈಗ ಪರೀಕ್ಷೆಗಳು. ಮೊದಲು ಸ್ಪೀಕರ್ ತಂತಿ ಬಿಚ್ಚಿ, ಆಂಪ್ಲಿಫೈಯರ್ ಆನ್ ಮಾಡಿ, ಬಾಕ್ಸ್ ಹತ್ತಿರ ಕಿವಿಯಿಡಿ. ಟ್ರಾನ್ಸ್‌ಫಾರ್ಮರೇ ಗುರ್ ಅನ್ನುತ್ತಿದ್ದರೆ ಅದು ಯಾಂತ್ರಿಕ ಸದ್ದು. ಅದಕ್ಕೂ ಗ್ರೌಂಡಿಗೂ ಸಂಬಂಧವೇ ಇಲ್ಲ. ಟೊರಾಯ್ಡ್‌ಗಳು ಮನೆ ಕರೆಂಟಿನಲ್ಲಿ ಸ್ವಲ್ಪ ಡಿಸಿ ಸೇರಿದರೂ ಹೀಗೆ ಗುರುಗುಟ್ಟುತ್ತವೆ. ಅರ್ಧ ಅಲೆಯನ್ನು ಮಾತ್ರ ಬಳಸುವ ಹೀಟರ್ ಅಥವಾ ಹೇರ್ ಡ್ರೈಯರ್ ಅದೇ ಲೈನಿನಲ್ಲಿ ಓಡುವಾಗ ಇದು ಹೆಚ್ಚು. ಈ ಸದ್ದು ಇಲ್ಲದಿದ್ದರೆ ಸ್ಪೀಕರ್ ಮತ್ತೆ ಜೋಡಿಸಿ, ಮುಂದೆ ಹೋಗೋಣ.

ಎರಡು ಆರ್‌ಸಿಎ ಪ್ಲಗ್ (ಆಡಿಯೋ ಕೇಬಲ್ ತುದಿಯ ಒಂಟಿ ಪಿನ್ ಪ್ಲಗ್) ತೆಗೆದುಕೊಂಡು, ನಡುವಿನ ಪಿನ್ ಮತ್ತು ಹೊರಗಿನ ಬಳೆಯನ್ನು ಒಂದು ಚಿಕ್ಕ ತಂತಿಯಿಂದ ಬೆಸೆಯಿರಿ. ಕಂಪ್ಯೂಟರ್ ಕೇಬಲ್ ತೆಗೆದು ಇವನ್ನು ಇನ್‌ಪುಟ್‌ಗೆ ಹಾಕಿ. ಹಮ್, ಅಂದರೆ ಈ ಗುಂಯ್ ಸದ್ದು, ಹುಡುಕುವವರ ಬಳಿ ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಈಗಲೂ ಉಳಿಯುವ ಸದ್ದು ಪೂರ್ತಿ ಬಾಕ್ಸ್‌ನೊಳಗಿನದು. ಹೋಗಿಬಿಟ್ಟ ಸದ್ದು ಹೊರಗಿನದು. ಇನ್‌ಪುಟ್ ಸುಮ್ನೆ ಖಾಲಿ ಬಿಟ್ಟು ಪರೀಕ್ಷೆ ಮಾಡಬೇಡಿ. ಖಾಲಿ ಇನ್‌ಪುಟ್ ಆಂಟೆನಾ ಥರ ಗಾಳಿಯಲ್ಲಿರುವುದನ್ನೆಲ್ಲ ಹಿಡಿಯುತ್ತದೆ, ಅದನ್ನು ನಂಬಿ ತಪ್ಪು ದಾರಿ ಹಿಡಿಯುತ್ತೀರಿ.

ಪ್ಲಗ್ ಹಾಗೇ ಇರಲಿ, ವಾಲ್ಯೂಮ್ ತಿರುಗಿಸಿ ನೋಡಿ. ಸದ್ದು ಏರಿಳಿಯದಿದ್ದರೆ ಅದು ವಾಲ್ಯೂಮ್ ಕಂಟ್ರೋಲ್ ದಾಟಿದ ಮೇಲೆ ಸೇರುತ್ತಿದೆ. ವಾಲ್ಯೂಮ್ ಜೊತೆ ಏರಿದರೆ ಅದಕ್ಕೂ ಮೊದಲು ಸೇರುತ್ತಿದೆ. ಎರಡೂ ತುದಿಗಳಲ್ಲಿ ಕಡಿಮೆ, ನಡುವೆ ಜಾಸ್ತಿ ಅಂತಾದರೆ, ಕಂಟ್ರೋಲ್‌ನ ನಡುಕಾಲಿನಿಂದ ಬೋರ್ಡ್‌ಗೆ ಹೋಗುವ ತಂತಿ ಶೀಲ್ಡ್ (ಸುತ್ತಲಿನ ಲೋಹದ ಹೊದಿಕೆ) ಇಲ್ಲದೆ ಕೂತಿದೆ ಅಂತ ಅರ್ಥ. 50 ಕಿಲೋ ಓಮ್ ಕಂಟ್ರೋಲ್‌ನಲ್ಲಿ ಇನ್‌ಪುಟ್ ಶಾರ್ಟ್ ಆಗಿದ್ದಾಗ ನಡು ಸ್ಥಾನದಲ್ಲಿ ರೆಸಿಸ್ಟೆನ್ಸ್ 12.5 ಕಿಲೋ ಓಮ್ ಇರುತ್ತದೆ, ಅದೇ ಅತಿ ಹೆಚ್ಚು. ರೆಸಿಸ್ಟೆನ್ಸ್ ಹೆಚ್ಚಾದಷ್ಟೂ ಅಕ್ಕಪಕ್ಕದ ವೋಲ್ಟೇಜ್ ಸುಲಭವಾಗಿ ನುಸುಳುತ್ತದೆ. ಅಲ್ಲಿ ಶೀಲ್ಡ್ ವೈರ್ ಹಾಕಿ, ಕಂಟ್ರೋಲ್‌ನ ಲೋಹದ ಮೈಯನ್ನು ಬಾಕ್ಸ್‌ಗೆ ತಾಗಿಸಿ. ಅಷ್ಟೇ ಸಾಕು.

ಸದ್ದಿನ ಗುಣವನ್ನೂ ಕೇಳಿಸಿಕೊಳ್ಳಿ. ಮನೆ ಕರೆಂಟು 50 ಹರ್ಟ್ಸ್, ಕೆಲವು ದೇಶಗಳಲ್ಲಿ 60. ಬ್ರಿಡ್ಜ್ ದಾಟಿದ ಮೇಲೆ ಅದು ದುಪ್ಪಟ್ಟಾಗಿ 100 ಅಥವಾ 120 ಆಗುತ್ತದೆ. ಮೆತ್ತಗಿನ, ಆಳವಾದ ಗುಂಯ್ ಅಂದರೆ 50. ಅದು ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರದಿಂದ ಅಥವಾ ಹೊರಗಿನ ಅರ್ತ್ ಸುತ್ತಿನಿಂದ ಬರುತ್ತದೆ. ಒರಟಾದ, ದುಂಬಿ ಕೂಗಿದ ಹಾಗಿನ ಜುಂಯ್ ಅಂದರೆ 100 ಮತ್ತು ಅದರ ಮೇಲಿನ ಗುಣಕಗಳು, ಅಂದರೆ ಪವರ್ ಸಪ್ಲೈ ಕಡೆಯದು. ಕಿವಿಗೆ ತಿಳಿಯದಿದ್ದರೆ ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆಪ್ ಹಾಕಿ ಸ್ಪೀಕರ್ ಮುಂದೆ ಹಿಡಿಯಿರಿ. ಗೆರೆ ಎಲ್ಲಿ ಏಳುತ್ತದೆ ಅಂತ ಕಾಣುತ್ತದೆ.

ಇನ್ನು ಒಂದು ಅಳತೆ. ಮಲ್ಟಿಮೀಟರ್ ಅನ್ನು ಎಸಿ ಮಿಲಿವೋಲ್ಟ್‌ಗೆ ಇಟ್ಟು ಸ್ಪೀಕರ್ ಟರ್ಮಿನಲ್‌ಗೆ ಹಿಡಿದು, ಬಂದ ಸಂಖ್ಯೆಯನ್ನು ಬರೆದಿಡಿ. ಕಿವಿ ನೆನಪಿಟ್ಟುಕೊಳ್ಳುವುದಿಲ್ಲ, ಮೀಟರ್ ಸುಳ್ಳು ಹೇಳುವುದಿಲ್ಲ. 2.83 ವೋಲ್ಟ್‌ಗೆ ಒಂದು ಮೀಟರ್ ದೂರದಲ್ಲಿ 90 ಡೆಸಿಬೆಲ್ ಕೊಡುವ ಸ್ಪೀಕರ್‌ನಲ್ಲಿ 1 ಮಿಲಿವೋಲ್ಟ್ ಹಮ್ ಅಂದರೆ ಸುಮಾರು 21 ಡೆಸಿಬೆಲ್. ಅಷ್ಟು ಕೆಳಗಿನ ಸ್ವರದಲ್ಲಿ ಅದು ಕಿವಿಗೆ ಬೀಳುವುದಿಲ್ಲ. 10 ಮಿಲಿವೋಲ್ಟ್ ಅಂದರೆ 41, ರಾತ್ರಿ ಮೌನದಲ್ಲಿ ಕೇಳಿಸಲು ಶುರುವಾಗುತ್ತದೆ. ಹಾಗಾಗಿ 1 ಮಿಲಿವೋಲ್ಟ್‌ಗಿಂತ ಕೆಳಗೆ ತರುವುದು ನಮ್ಮ ಗುರಿ. ಪ್ರತಿ ಬದಲಾವಣೆ ಆದಮೇಲೂ ಮತ್ತೆ ಅಳೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ನಿಮ್ಮ ಬಾಕ್ಸ್‌ನೊಳಗಿನ ತೊಂದರೆ ಎಲ್ಲಿದೆ ಅಂತ ನೀವು ಬರೆದದ್ದರಿಂದಲೇ ನನಗೆ ಬಹುತೇಕ ಗೊತ್ತಾಗಿದೆ. "ಎಲ್ಲ ಗ್ರೌಂಡ್ ತಂತಿ ಒಂದೇ ಬೋಲ್ಟ್‌ಗೆ" ಅಂದಿರಲ್ಲ, ಅದೇ. ಸ್ಟಾರ್ ಗ್ರೌಂಡ್ ಎಂಬ ಸಲಹೆಯನ್ನು ತುಂಬಾ ಜನ ಹೀಗೇ ತಿಳಿದುಕೊಳ್ಳುತ್ತಾರೆ. ಟ್ರಾನ್ಸ್‌ಫಾರ್ಮರ್‌ನ ಸೆಂಟರ್ ಟ್ಯಾಪ್ (ಸುರುಳಿಯ ನಡುವಿನಿಂದ ಬರುವ ತಂತಿ), ಎರಡು ಕೆಪಾಸಿಟರ್‌ಗಳ ಗ್ರೌಂಡ್, ಸ್ಪೀಕರ್ ಮೈನಸ್, ಇನ್‌ಪುಟ್ ಗ್ರೌಂಡ್ ಎಲ್ಲವನ್ನೂ ಒಂದು ಬೋಲ್ಟ್‌ಗೆ ತರುತ್ತಾರೆ. ಒಂದೇ ಬಿಂದು ಆಯಿತಲ್ಲ, ಸರಿ ಅನಿಸುತ್ತದೆ. ಆದರೆ ಈ ಎಲ್ಲ ತಂತಿಗಳಲ್ಲಿ ಹರಿಯುವ ಕರೆಂಟ್ ಒಂದೇ ಜಾತಿಯದಲ್ಲ.

ಸೆಂಟರ್ ಟ್ಯಾಪ್ ಮತ್ತು ಎರಡು ಕೆಪಾಸಿಟರ್‌ಗಳ ಗ್ರೌಂಡ್ ಸೇರಿಸುವ ತಂತಿಯನ್ನು ಹತ್ತಿರದಿಂದ ನೋಡೋಣ. ಬ್ರಿಡ್ಜ್ ಇಡೀ ಅಲೆಯಲ್ಲಿ ಕರೆಂಟ್ ಬಿಡುವುದಿಲ್ಲ. ಅಲೆಯ ತುದಿ ಕೆಪಾಸಿಟರ್‌ನ ವೋಲ್ಟೇಜ್ ದಾಟಿದಾಗ ಮಾತ್ರ, ಒಂದೆರಡು ಮಿಲಿಸೆಕೆಂಡ್, ಜೋರಾಗಿ ನುಗ್ಗಿಸುತ್ತದೆ. ನಿಮ್ಮ ಎರಡು ಐಸಿಗಳು ಸುಮ್ಮನೆ ಕೂತಾಗ ಒಟ್ಟು 100 ಮಿಲಿಆಂಪಿಯರ್ ಆಸುಪಾಸು ತೆಗೆದುಕೊಳ್ಳುತ್ತವೆ. ಅಷ್ಟು ಚಾರ್ಜನ್ನು ಆ ಚಿಕ್ಕ ಕಿಂಡಿಯಲ್ಲಿ ತುಂಬಬೇಕಾದ್ದರಿಂದ ಪ್ರತಿ ಹೊಡೆತದ ತುದಿ ಸುಮಾರು 1 ಆಂಪಿಯರ್‌ವರೆಗೆ ಹೋಗುತ್ತದೆ. ಜೋರಾಗಿ ಹಾಡು ಹಾಕಿದರೆ ಇದು ಎಷ್ಟೋ ಪಟ್ಟು. ಈಗ 0.5 ಚದರ ಮಿಲಿಮೀಟರ್ ತಂತಿಯ 10 ಸೆಂಟಿಮೀಟರ್ ತುಂಡು ಲೆಕ್ಕಕ್ಕೆ ತೆಗೆದುಕೊಳ್ಳಿ. ಅದರ ರೆಸಿಸ್ಟೆನ್ಸ್ 3.4 ಮಿಲಿಓಮ್. 1 ಆಂಪಿಯರ್ ಹೊಡೆತಕ್ಕೆ ಅದರ ಮೇಲೆ 3.4 ಮಿಲಿವೋಲ್ಟ್ ಏಳುತ್ತದೆ. ಏನು ಮಹಾ ಅನಿಸಬಹುದು. ಆದರೆ ನಿಮ್ಮ ಇನ್‌ಪುಟ್ ಗ್ರೌಂಡ್ ಆ ತುಂಡಿನ ತಪ್ಪು ತುದಿಗೆ ಸೇರಿದ್ದರೆ ಆಂಪ್ಲಿಫೈಯರ್‌ಗೆ ಇದು ಹಾಡಿನ ಭಾಗವೇ. ಡೇಟಾಶೀಟ್‌ನ ಸರ್ಕ್ಯೂಟ್‌ನಂತೆ 20 ಕಿಲೋ ಓಮ್ ಮತ್ತು 1 ಕಿಲೋ ಓಮ್ ಹಾಕಿದ್ದರೆ ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನುವುದು, 21. ಸ್ಪೀಕರ್‌ಗೆ ಹೋಗುವುದು ಸುಮಾರು 70 ಮಿಲಿವೋಲ್ಟ್. ನಮ್ಮ ಗುರಿ 1 ಮಿಲಿವೋಲ್ಟ್ ಅಂದೆವಲ್ಲ, ಅದರ 70 ಪಟ್ಟು. ಅಂಗೈ ಅಗಲದ ತಂತಿಯಿಂದ ಇಷ್ಟೆಲ್ಲ.

ಬೋಲ್ಟ್‌ನ ಕಥೆಯೂ ಇದೇ. ಒಂದರ ಮೇಲೊಂದು ಲಗ್ ಜೋಡಿಸಿ ನಟ್ ಬಿಗಿದರೆ, ಆ ಲಗ್‌ಗಳ ನಡುವಿನ ಒತ್ತುವಿಕೆ, ವಾಷರ್, ತುಕ್ಕು, ಬಣ್ಣ ಎಲ್ಲ ಸೇರಿ ಅಲ್ಲೂ ಮಿಲಿಓಮ್‌ಗಳು ಹುಟ್ಟುತ್ತವೆ.

ಕೆಪಾಸಿಟರ್ ದುಪ್ಪಟ್ಟು ಮಾಡಿದರೂ ಏನೂ ಆಗದ್ದು ಯಾಕೆ ಅಂತ ಈಗ ತಿಳಿಯುತ್ತದೆ. 100 ಮಿಲಿಆಂಪಿಯರ್‌ಗೆ 10,000 ಮೈಕ್ರೋಫ್ಯಾರಡ್ ಮೇಲೆ ರಿಪ್ಪಲ್, ಅಂದರೆ ಡಿಸಿಯಲ್ಲಿ ಉಳಿಯುವ ಏರಿಳಿತ, ಹೆಚ್ಚೆಂದರೆ 0.1 ವೋಲ್ಟ್. ಎಲ್‌ಎಂ3886 ಸಪ್ಲೈ ಮೇಲಿನ ರಿಪ್ಪಲ್ ಅನ್ನು ತುಂಬಾ ಚೆನ್ನಾಗಿ ತಡೆಯುವ ಐಸಿ. ನಿಮ್ಮ ಸದ್ದಿಗೆ ಅದು ಕಾರಣವೇ ಅಲ್ಲ. ದೊಡ್ಡ ಕೆಪಾಸಿಟರ್ ಹಾಕಿದಾಗ ರಿಪ್ಪಲ್ ಇಳಿಯುತ್ತದೆ, ಆದರೆ ಚಾರ್ಜ್ ಆಗುವ ಕಿಂಡಿ ಇನ್ನೂ ಕಿರಿದಾಗುತ್ತದೆ, ಹೊಡೆತ ಇನ್ನೂ ಚೂಪಾಗುತ್ತದೆ. ತಂತಿ ಹಾದಿ ತಪ್ಪಾಗಿದ್ದರೆ ದೊಡ್ಡ ಕೆಪಾಸಿಟರ್‌ನಿಂದ ಸದ್ದು ಹೆಚ್ಚಾಗಲೂಬಹುದು. ಹಮ್ ಅಂದ ಕೂಡಲೇ ಕೆಪಾಸಿಟರ್ ಬದಲಿಸುವ ಅಭ್ಯಾಸ ಹಳೆಯ ರೇಡಿಯೋಗಳಿಂದ ಬಂದದ್ದು. ಅಲ್ಲಿ ಕೆಪಾಸಿಟರ್ ಒಣಗಿರುತ್ತಿತ್ತು, ಬದಲಿಸಿದರೆ ಸರಿಹೋಗುತ್ತಿತ್ತು. ಹೊಸದಾಗಿ ಕಟ್ಟಿದ್ದರಲ್ಲಿ ಅದು ಅಪರೂಪ.

ಸರಿಪಡಿಸುವುದು ಹೀಗೆ. ಮುಟ್ಟುವ ಮೊದಲು ಪ್ಲಗ್ ಕಿತ್ತು, ಕೆಪಾಸಿಟರ್‌ಗಳ ಮೇಲೆ ಮೀಟರ್ ಹಿಡಿದು ವೋಲ್ಟೇಜ್ ಇಳಿದಿದೆ ಅಂತ ನೋಡಿಕೊಳ್ಳಿ. ಎರಡು ಕೆಪಾಸಿಟರ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಅವುಗಳ ಗ್ರೌಂಡ್ ಕಾಲುಗಳನ್ನು ದಪ್ಪ ತಾಮ್ರದಿಂದ ಸೇರಿಸಿ. ಸೆಂಟರ್ ಟ್ಯಾಪ್ ನೇರ ಆ ತಾಮ್ರಕ್ಕೆ ಬರಲಿ, ಬೇರೆಲ್ಲೂ ಹೋಗಬಾರದು. ಚಾರ್ಜಿಂಗ್ ಹೊಡೆತ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, ಕೆಪಾಸಿಟರ್, ಮತ್ತೆ ಟ್ರಾನ್ಸ್‌ಫಾರ್ಮರ್ ಅಂತ ಈ ಚಿಕ್ಕ ಸುತ್ತಿನಲ್ಲೇ ತಿರುಗಲಿ. ಈ ತಾಮ್ರದಿಂದ ಬೇರೆಯೇ ಒಂದು ತಂತಿ ತೆಗೆದು, ಸ್ವಲ್ಪ ದೂರದಲ್ಲಿ ಸ್ಟಾರ್ ಬಿಂದು ಮಾಡಿ. ಆ ತಂತಿಯಲ್ಲಿ ಚಾರ್ಜಿಂಗ್ ಕರೆಂಟ್ ಹರಿಯುವುದಿಲ್ಲ. ಸ್ಪೀಕರ್ ಮೈನಸ್, ಬೋರ್ಡ್‌ನ ಪವರ್ ಗ್ರೌಂಡ್, ಬೋರ್ಡ್‌ನ ಇನ್‌ಪುಟ್ ಗ್ರೌಂಡ್ ಎಲ್ಲ ಈ ಸ್ಟಾರ್ ಬಿಂದುವಿಗೆ ಬರಲಿ, ಒಂದೊಂದಕ್ಕೂ ಬೇರೆ ಬೇರೆ ತಂತಿ. ಸ್ಟಾರ್ ಬಿಂದುವನ್ನು ಬಾಕ್ಸ್‌ನ ಮೈಗೆ ಬಿಗಿಯಬೇಡಿ. ಅದಕ್ಕೆ ಬೇರೆ ದಾರಿ ಇದೆ, ಬರುತ್ತೇನೆ.

ಟ್ರಾನ್ಸ್‌ಫಾರ್ಮರ್‌ನಿಂದ ಬ್ರಿಡ್ಜ್‌ಗೆ ಹೋಗುವ ತಂತಿಗಳನ್ನು ಬಿಗಿಯಾಗಿ ಹೆಣೆಯಿರಿ. ಪ್ಲಸ್, ಸೊನ್ನೆ, ಮೈನಸ್ ಮೂರನ್ನೂ ಒಟ್ಟಿಗೆ ಹೆಣೆದು ಬೋರ್ಡ್‌ಗೆ ಒಯ್ಯಿರಿ. ಸ್ಪೀಕರ್ ತಂತಿಗಳನ್ನೂ ಜೋಡಿಯಾಗಿಯೇ ಹೆಣೆಯಿರಿ. ಹೋಗುವ ಕರೆಂಟ್ ಮತ್ತು ಬರುವ ಕರೆಂಟ್ ಮೈಗೆ ಮೈ ಅಂಟಿಕೊಂಡಿದ್ದರೆ ಅವುಗಳ ಕಾಂತಕ್ಷೇತ್ರ ಒಂದನ್ನೊಂದು ಅಳಿಸುತ್ತದೆ. ಬಿಡಿಬಿಡಿಯಾಗಿ ಬಾಕ್ಸ್ ತುಂಬ ಹರಡಿದ್ದರೆ ಅದೇ ಒಂದು ಕಾಯಿಲ್. ಬಾಕ್ಸ್ ಒಳಗೆ ಚಂದ ಕಾಣಲಿ ಅಂತ ತಂತಿಗಳನ್ನು ಗೋಡೆಯ ಪಕ್ಕ ಚೌಕಾಕಾರವಾಗಿ ಓಡಿಸುವವರು ತುಂಬಾ ಜನ. ಕಣ್ಣಿಗೆ ಚಂದ, ಕಿವಿಗೆ ಕೆಟ್ಟದು.

ಇಷ್ಟು ಮಾಡಿ ಅಳೆಯಿರಿ. ಜುಂಯ್ ಅನ್ನುವ ಒರಟು ಸದ್ದು ಇಷ್ಟರಲ್ಲೇ ಹೋಗಬೇಕು. ಮೆತ್ತಗಿನ 50 ಹರ್ಟ್ಸ್ ಉಳಿದಿದ್ದರೆ ಟೊರಾಯ್ಡ್ ಕಡೆ ತಿರುಗಿ. ಆಫ್ ಮಾಡಿ, ಬೋಲ್ಟ್ ಸಡಿಲಿಸಿ, ಟ್ರಾನ್ಸ್‌ಫಾರ್ಮರ್ ಅನ್ನು ಸ್ವಲ್ಪ ತಿರುಗಿಸಿ, ಆನ್ ಮಾಡಿ ಅಳೆಯಿರಿ. ತಂತಿಗಳು ಹೊರಬರುವ ಬದಿಯಲ್ಲಿ ಕಾಂತಕ್ಷೇತ್ರ ಸಾಮಾನ್ಯವಾಗಿ ಜಾಸ್ತಿ, ಆ ಬದಿ ಇನ್‌ಪುಟ್ ಕಡೆ ನೋಡದಿರಲಿ. ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಟೊರಾಯ್ಡ್ ಮಧ್ಯದ ಬೋಲ್ಟ್ ತಳಕ್ಕೆ ಮಾತ್ರ ತಾಗಿರಬೇಕು. ಅದರ ಮೇಲಿನ ತುದಿ ಬಾಕ್ಸ್‌ನ ಮುಚ್ಚಳಕ್ಕೂ ತಾಗಿದರೆ ಬೋಲ್ಟ್, ಮುಚ್ಚಳ, ಗೋಡೆ, ತಳ ಸೇರಿ ಶಾರ್ಟ್ ಆದ ಒಂದು ಸುತ್ತು ಆಗುತ್ತದೆ. ಭಾರೀ ಕರೆಂಟ್ ಹರಿದು ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗಬಹುದು.

ಈಗ ಎರಡನೇ ತೊಂದರೆ, ಕಂಪ್ಯೂಟರ್. ಮೊದಲು ಖಚಿತ ಮಾಡಿಕೊಳ್ಳೋಣ. ಅರ್ತ್ ಬಿಚ್ಚದೆಯೇ ಅದೇ ಉತ್ತರ ಪಡೆಯುವ ದಾರಿ ಇದೆ. ಬ್ಯಾಟರಿಯಲ್ಲಿ ಓಡುವ ಫೋನ್ ಅಥವಾ ಚಾರ್ಜರ್ ತೆಗೆದ ಲ್ಯಾಪ್‌ಟಾಪ್ ಅನ್ನು ಅದೇ ಇನ್‌ಪುಟ್‌ಗೆ ಜೋಡಿಸಿ. ಸದ್ದು ಇಲ್ಲ. ಚಾರ್ಜರ್ ಹಾಕಿ. ಸದ್ದು ಬಂತು. ಇಷ್ಟಾದರೆ ಇದು ಗ್ರೌಂಡ್ ಲೂಪ್, ಅಂದರೆ ಅರ್ತ್ ಮೂಲಕ ಆಗುವ ಮುಚ್ಚಿದ ಸುತ್ತು, ಅನ್ನುವುದರಲ್ಲಿ ಅನುಮಾನ ಬೇಡ.

ನಿಮ್ಮ ಕಂಪ್ಯೂಟರ್‌ನ ಬಾಕ್ಸ್ ಅರ್ತ್‌ಗೆ ಸೇರಿದೆ. ಆಂಪ್ಲಿಫೈಯರ್‌ನ ಬಾಕ್ಸ್ ಕೂಡ. ಇವೆರಡರ ನಡುವೆ ಆಡಿಯೋ ಕೇಬಲ್ ಹಾಕಿದ ಕೂಡಲೇ ಅದರ ಶೀಲ್ಡ್ ಮೂಲಕ ಒಂದು ಮುಚ್ಚಿದ ಸುತ್ತು ಸಿದ್ಧವಾಯಿತು. ಎರಡು ಪ್ಲಗ್‌ಗಳ ಅರ್ತ್ ಒಂದೇ ವೋಲ್ಟೇಜ್‌ನಲ್ಲಿ ಇರುವುದಿಲ್ಲ. ಪ್ರತಿ ಉಪಕರಣದ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪ ಸ್ವಲ್ಪ ಕರೆಂಟನ್ನು ಅರ್ತ್‌ಗೆ ಸೋರಿಸುತ್ತಲೇ ಇರುತ್ತವೆ. ಜೊತೆಗೆ ಈ ಸುತ್ತು ಸುತ್ತಲಿನ ವೈರಿಂಗ್‌ನ ಕಾಂತಕ್ಷೇತ್ರವನ್ನೂ ಹಿಡಿಯುತ್ತದೆ. ಶೀಲ್ಡ್‌ನಲ್ಲಿ ಕರೆಂಟ್ ಹರಿಯುತ್ತದೆ. ಶೀಲ್ಡ್ ರೆಸಿಸ್ಟೆನ್ಸ್ 0.1 ಓಮ್, ಕರೆಂಟ್ 10 ಮಿಲಿಆಂಪಿಯರ್ ಅಂದುಕೊಳ್ಳಿ. 1 ಮಿಲಿವೋಲ್ಟ್ ಆಯಿತು. ಗೇನ್ 21, ಸ್ಪೀಕರ್‌ನಲ್ಲಿ 21 ಮಿಲಿವೋಲ್ಟ್.

ಸುತ್ತನ್ನು ಕತ್ತರಿಸಬೇಕು, ಆದರೆ ಬಾಕ್ಸ್‌ನ ಅರ್ತ್ ಮುಟ್ಟಬಾರದು. ಕತ್ತರಿಸಬೇಕಾದ ಜಾಗ ಸ್ಟಾರ್ ಬಿಂದು ಮತ್ತು ಬಾಕ್ಸ್ ನಡುವೆ ಇದೆ. ಪ್ಲಗ್‌ನಿಂದ ಬಂದ ಅರ್ತ್ ತಂತಿ ನೇರ ಬಾಕ್ಸ್‌ಗೆ, ಅದಕ್ಕೇ ಮೀಸಲಾದ ಒಂದು ಬೋಲ್ಟ್‌ಗೆ. ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ಸಡಿಲವಾಗದ ಹಾಗೆ ಬಿಗಿಯಿರಿ. ಆಮೇಲೆ ಸ್ಟಾರ್ ಬಿಂದುವನ್ನು 10 ಓಮ್, 5 ವ್ಯಾಟ್ ರೆಸಿಸ್ಟರ್ ಮೂಲಕ ಬಾಕ್ಸ್‌ಗೆ ಸೇರಿಸಿ. ಆ ರೆಸಿಸ್ಟರ್‌ಗೆ ಸಮಾನಾಂತರವಾಗಿ 35 ಆಂಪಿಯರ್‌ನ ಒಂದು ಬ್ರಿಡ್ಜ್ ಮತ್ತು 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ. ಬ್ರಿಡ್ಜ್‌ನ ಪ್ಲಸ್ ಮತ್ತು ಮೈನಸ್ ಕಾಲುಗಳನ್ನು ಒಂದಕ್ಕೊಂದು ಶಾರ್ಟ್ ಮಾಡಿ, ಎರಡು ಎಸಿ ಕಾಲುಗಳಲ್ಲಿ ಒಂದನ್ನು ಸ್ಟಾರ್‌ಗೆ, ಇನ್ನೊಂದನ್ನು ಬಾಕ್ಸ್‌ಗೆ ಜೋಡಿಸಿ.

ಇದಕ್ಕೆ ಲೂಪ್ ಬ್ರೇಕರ್ ಅನ್ನುತ್ತಾರೆ. ಇದು ಕೆಲಸ ಮಾಡುವ ರೀತಿ ನನಗೆ ಯಾವಾಗಲೂ ಇಷ್ಟ. ಸುತ್ತಿನಲ್ಲಿರುವ ಕೆಲವು ಮಿಲಿವೋಲ್ಟ್‌ಗೆ ಡಯೋಡ್‌ಗಳು ತೆರೆಯುವುದಿಲ್ಲ. ಹಾಗಾಗಿ ಅದರ ಎದುರು ಶೀಲ್ಡ್‌ನ 0.1 ಓಮ್ ಮತ್ತು ರೆಸಿಸ್ಟರ್‌ನ 10 ಓಮ್ ಸಾಲಾಗಿ ನಿಲ್ಲುತ್ತವೆ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ರೆಸಿಸ್ಟರ್ ಮೇಲೆ ಬೀಳುತ್ತದೆ, ಶೀಲ್ಡ್ ಮೇಲೆ ಉಳಿಯುವುದು ಒಂದು ಪಾಲು. ಸದ್ದು ಸುಮಾರು 40 ಡೆಸಿಬೆಲ್ ಇಳಿಯಿತು. ಟ್ರಾನ್ಸ್‌ಫಾರ್ಮರ್ ಒಳಗೆ ಶಾರ್ಟ್ ಆಗಿ ಮನೆ ಕರೆಂಟ್ ಸರ್ಕ್ಯೂಟ್‌ಗೆ ನುಗ್ಗಿದರೆ ಒಂದೂವರೆ ವೋಲ್ಟ್ ಏರುವುದರೊಳಗೆ ಡಯೋಡ್‌ಗಳು ತೆರೆದು ಅಷ್ಟನ್ನೂ ಅರ್ತ್‌ಗೆ ಒಯ್ಯುತ್ತವೆ, ಫ್ಯೂಸ್ ಹೋಗುತ್ತದೆ. ಅದಕ್ಕೇ ಬ್ರಿಡ್ಜ್ ದೊಡ್ಡದಿರಬೇಕು. ಇಲ್ಲಿ ಚಿಕ್ಕ ಡಯೋಡ್ ಹಾಕಿ ಉಳಿತಾಯ ಮಾಡಬೇಡಿ.

ಆದರೆ ಇದು ಫಲಿಸಬೇಕಾದರೆ ಸರ್ಕ್ಯೂಟ್‌ನ ಗ್ರೌಂಡ್ ಬೇರೆ ಎಲ್ಲೂ ಬಾಕ್ಸ್‌ಗೆ ತಾಗಿರಬಾರದು. ಆರ್‌ಸಿಎ ಸಾಕೆಟ್‌ಗಳಿಗೆ ಪ್ಲಾಸ್ಟಿಕ್ ವಾಷರ್ ಬೇಕು. ಸ್ಪೀಕರ್ ಟರ್ಮಿನಲ್‌ಗಳು ಇನ್ಸುಲೇಟ್ ಆಗಿರಬೇಕು. ಬೋರ್ಡ್ ನಿಲ್ಲಿಸಿದ ಲೋಹದ ಸ್ಕ್ರೂ ಯಾವುದಾದರೂ ಗ್ರೌಂಡ್ ಪಟ್ಟಿಗೆ ತಾಗಿದೆಯಾ ನೋಡಿ. ಐಸಿ ಬೆನ್ನನ್ನೂ ನೋಡಿ. ಲೋಹದ ಬೆನ್ನಿರುವ ಎಲ್‌ಎಂ3886ರಲ್ಲಿ ಆ ಲೋಹ ಮೈನಸ್ ಸಪ್ಲೈಗೆ ಸೇರಿರುತ್ತದೆ. ಹೀಟ್ ಸಿಂಕ್ ನಡುವೆ ಮೈಕಾ ಹಾಳೆ ಇಲ್ಲದಿದ್ದರೆ ಹಮ್ ಹುಡುಕುವ ಪ್ರಶ್ನೆಯೇ ಇಲ್ಲ, ಮೊದಲು ಅದನ್ನು ಹಾಕಿ.

ಎಲ್ಲ ಮುಗಿದ ಮೇಲೆ ಪ್ಲಗ್ ಕಿತ್ತು, ಆಡಿಯೋ ಕೇಬಲ್ ತೆಗೆದು, ಮೀಟರ್ ಅನ್ನು ಓಮ್‌ಗೆ ಇಡಿ. ಪ್ಲಗ್‌ನ ಅರ್ತ್ ಪಿನ್‌ನಿಂದ ಬಾಕ್ಸ್‌ಗೆ ಬಹುತೇಕ ಸೊನ್ನೆ ತೋರಿಸಬೇಕು. ಬಾಕ್ಸ್‌ನಿಂದ ಆರ್‌ಸಿಎ ಸಾಕೆಟ್‌ನ ಹೊರಬಳೆಗೆ ಸುಮಾರು 10 ಓಮ್ ತೋರಿಸಬೇಕು. ಇಲ್ಲೂ ಸೊನ್ನೆ ಬಂದರೆ ಎಲ್ಲೋ ಕಳ್ಳದಾರಿ ಉಳಿದಿದೆ. ಅದನ್ನು ಹುಡುಕದೆ ಮುಚ್ಚಳ ಹಾಕಬೇಡಿ.

ಸ್ಟೀರಿಯೋದಲ್ಲಿ ಇನ್ನೊಂದು ಚಿಕ್ಕ ಸುತ್ತು ಅಡಗಿರುತ್ತದೆ, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಎಡ ಮತ್ತು ಬಲ ಚಾನೆಲ್‌ನ ಗ್ರೌಂಡ್ ಕಂಪ್ಯೂಟರ್ ಕಡೆ ಒಂದೇ. ನಿಮ್ಮ ಪವರ್ ಸಪ್ಲೈ ಕಡೆಯೂ ಒಂದೇ. ನಡುವೆ ಎರಡು ಕೇಬಲ್, ಎರಡು ಬೋರ್ಡ್. ಇದೂ ಮುಚ್ಚಿದ ಸುತ್ತೇ. ಎರಡು ಕೇಬಲ್‌ಗಳನ್ನು ಉದ್ದಕ್ಕೂ ಅಂಟಿಸಿ ಓಡಿಸಿ, ಬಾಕ್ಸ್ ಒಳಗೂ ಎರಡು ಶೀಲ್ಡ್ ವೈರ್‌ಗಳನ್ನು ಜೊತೆಯಾಗಿಯೇ ಒಯ್ಯಿರಿ. ಎರಡು ಸಾಕೆಟ್‌ಗಳನ್ನು ಬಾಕ್ಸ್‌ನ ಎರಡು ತುದಿಯಲ್ಲಿ ಇಡಬೇಡಿ. ಅಷ್ಟಕ್ಕೂ ಬಗ್ಗದಿದ್ದರೆ ಪ್ರತಿ ಬೋರ್ಡ್‌ನಲ್ಲಿ ಇನ್‌ಪುಟ್ ಗ್ರೌಂಡ್ ಮತ್ತು ಪವರ್ ಗ್ರೌಂಡ್ ನಡುವೆ 10 ಓಮ್ ರೆಸಿಸ್ಟರ್ ಹಾಕಿ. ಇದರ ಲೆಕ್ಕವೂ ಮೇಲಿನದೇ. ಕೆಲವು ರೆಡಿಮೇಡ್ ಬೋರ್ಡ್‌ಗಳಲ್ಲಿ ಇದು ಮೊದಲೇ ಇರುತ್ತದೆ, ಇದ್ದರೆ ಅದನ್ನು ಶಾರ್ಟ್ ಮಾಡಬೇಡಿ.

ಕೆಲವು ಸಂದರ್ಭಗಳಲ್ಲಿ ಬಾಕ್ಸ್‌ನ ಒಳಗೆ ಏನು ಮಾಡಿದರೂ ಸಾಲದು. ಉದಾಹರಣೆಗೆ ಟಿವಿಗೆ ಜೋಡಿಸಿದಾಗ, ಅದರ ಆಂಟೆನಾ ಕೇಬಲ್ ದೂರದಲ್ಲೆಲ್ಲೋ ಬೇರೆ ಅರ್ತ್‌ಗೆ ಸೇರಿರುತ್ತದೆ. ಅಲ್ಲಿ ಒಂದಕ್ಕೊಂದರ ಅನುಪಾತದ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕುವುದೇ ಒಳ್ಳೆಯದು. ಸಂಗೀತ ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ಎರಡು ಗ್ರೌಂಡ್‌ಗಳು ಸೇರುವುದೇ ಇಲ್ಲ. ತೀರಾ ಚಿಕ್ಕ ಅಗ್ಗದ ಟ್ರಾನ್ಸ್‌ಫಾರ್ಮರ್‌ಗಳು ಜೋರು ಬಾಸ್‌ನಲ್ಲಿ ಸೋಲುತ್ತವೆ, ಅದನ್ನು ಗಮನಿಸಿ.

ವಾಲ್ವ್ ಆಂಪ್ಲಿಫೈಯರ್ ಕಟ್ಟುವವರಿಗೂ ಇಲ್ಲೇ ಒಂದು ಮಾತು. 6.3 ವೋಲ್ಟ್ ಹೀಟರ್ ತಂತಿಗಳು ಗ್ರೌಂಡ್‌ಗೆ ಸೇರದೆ ತೇಲುತ್ತಿದ್ದರೆ ಬೇರೇನು ಮಾಡಿದರೂ ಹಮ್ ಹೋಗುವುದಿಲ್ಲ. ಅವನ್ನು ಬಿಗಿಯಾಗಿ ಹೆಣೆದು, ಎರಡೂ ತುದಿಯಿಂದ 100 ಓಮ್ ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ ಸೇರಿಸಿ.

ಮೈಕ್‌ಗೆ ಬಳಸುವ ಮೂರು ಪಿನ್ ಸಾಕೆಟ್ ಇರುವ ಮಿಕ್ಸರ್ ಅಥವಾ ಪ್ರೀಆಂಪ್ ಮುಂದೆ ಕಟ್ಟುವ ಯೋಚನೆ ಇದ್ದರೆ, ಒಂದನೇ ಪಿನ್ ಅನ್ನು ಬೋರ್ಡ್‌ಗೆ ಒಯ್ಯದೆ ಸಾಕೆಟ್ ಬಳಿಯೇ ನೇರ ಬಾಕ್ಸ್‌ಗೆ ಸೇರಿಸಿ. ಶೀಲ್ಡ್‌ನ ಕರೆಂಟ್ ಬೋರ್ಡ್‌ನ ಗ್ರೌಂಡ್ ಪಟ್ಟಿಯಲ್ಲಿ ಹರಿದರೆ ಏನಾಗುತ್ತದೆ ಅನ್ನುವುದನ್ನು ಆಡಿಯೋ ಎಂಜಿನಿಯರ್ ನೀಲ್ ಮನ್ಸಿ 1995ರಲ್ಲೇ ವಿವರವಾಗಿ ತೋರಿಸಿಕೊಟ್ಟರು. ಆಮೇಲೆ ಅದೇ ನಿಯಮ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಎಇಎಸ್48 ಎಂಬ ಮಾನದಂಡವಾಗಿ ಬಂತು. ಇಂಥ ಮೂರು ಪಿನ್‌ನ ಬ್ಯಾಲೆನ್ಸ್ಡ್ ಉಪಕರಣಗಳಲ್ಲಿ ಸಿಗ್ನಲ್ ಬೇರೆ ಎರಡು ತಂತಿಗಳಲ್ಲಿ ಹೋಗುತ್ತದೆ, ಶೀಲ್ಡ್ ಬರೀ ಬಾಕ್ಸ್‌ನ ಮುಂದುವರಿಕೆ. ನಿಮ್ಮ ಆರ್‌ಸಿಎ ಕೇಬಲ್‌ನಲ್ಲಿ ಶೀಲ್ಡೇ ಸಿಗ್ನಲ್‌ನ ವಾಪಸ್ ದಾರಿಯೂ ಹೌದು. ಅದಕ್ಕೇ ಎರಡಕ್ಕೂ ನಿಯಮ ಬೇರೆ, ಒಂದರ ಸಲಹೆಯನ್ನು ಇನ್ನೊಂದಕ್ಕೆ ಹಾಕಬೇಡಿ.

ನಿಮ್ಮ ಕೆಲಸದ ಕ್ರಮ ಹೀಗಿರಲಿ. ಇಂದೇ ಅರ್ತ್ ಹಾಕಿ. ಶಾರ್ಟ್ ಮಾಡಿದ ಪ್ಲಗ್ ಇಟ್ಟು ಮಿಲಿವೋಲ್ಟ್ ಬರೆದುಕೊಳ್ಳಿ. ಸೆಂಟರ್ ಟ್ಯಾಪ್ ಮತ್ತು ಕೆಪಾಸಿಟರ್‌ಗಳ ತಂತಿ ಹಾದಿ ಬದಲಿಸಿ ಮತ್ತೆ ಬರೆದುಕೊಳ್ಳಿ. ಆಮೇಲೆ ಲೂಪ್ ಬ್ರೇಕರ್ ಹಾಕಿ, ಕಂಪ್ಯೂಟರ್ ಜೋಡಿಸಿ ಮೂರನೇ ಸಲ ಅಳೆಯಿರಿ. ಸ್ಪೀಕರ್‌ನಲ್ಲಿ ಇನ್ನೂ ಕೇಳಿಸುತ್ತಿದ್ದರೆ ಆ ಮೂರು ಸಂಖ್ಯೆಗಳನ್ನೂ, ಬಾಕ್ಸ್‌ನ ಒಳಗಿನ ಒಂದು ಫೋಟೋವನ್ನೂ ಕಳಿಸಿ. ತಂತಿಗಳನ್ನು ಬದಿಗೆ ಸರಿಸದೆ, ಇದ್ದ ಹಾಗೆಯೇ ಫೋಟೋ ತೆಗೆಯಿರಿ.